ಕಣ್ಣೀರಿನೊಳಗಿನ ಕತ್ತರಿ

1921ರಲ್ಲಿ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ನೆಗಡಿ ಹಿಡಿದಿದ್ದ ಅಲೆಕ್ಸಾಂಡರ್ ಫ್ಲೆಮಿಂಗ್ ತಮ್ಮದೇ ಸಿಂಬಳವನ್ನು ಪರೀಕ್ಷೆಗೆ ಹಚ್ಚಿದರು. ಅದರ ಹತ್ತಿರದ ಬ್ಯಾಕ್ಟೀರಿಯಾಗಳು ಕರಗಿಹೋದವು. ಕಣ್ಣೀರು, ಎಂಜಲು, ಮೊಟ್ಟೆಯ ಬಿಳಿಭಾಗದಲ್ಲೂ ಅದೇ ಶಕ್ತಿಯಿತ್ತು. ನಿಂಬೆರಸ ಬಿಟ್ಟು ಸಹೋದ್ಯೋಗಿಗಳ ಕಣ್ಣೀರನ್ನೂ ಸಂಗ್ರಹಿಸಿದರು. 1922ರಲ್ಲಿ ಈ ಕಿಣ್ವಕ್ಕೆ ‘ಲೈಸೋಜೈಮ್’ ಎಂದು ಹೆಸರಿಟ್ಟರು.

ಬ್ಯಾಕ್ಟೀರಿಯಾದ ಕೋಶಭಿತ್ತಿ ಸಕ್ಕರೆಯ ಸರಪಳಿಗಳಿಂದ ಹೆಣೆದ ಬಲೆ. ಲೈಸೋಜೈಮ್ ಆ ಸರಪಳಿಯನ್ನು ಕತ್ತರಿಸುತ್ತದೆ. ಬಲೆ ಸಡಿಲವಾದ ಕೋಶ ನೀರು ಹೀರಿ ಒಡೆಯುತ್ತದೆ. ಆದರೆ ಮಾರಕ ರೋಗಾಣುಗಳಲ್ಲಿ ಹೆಚ್ಚಿನವು ಇದಕ್ಕೆ ಜಗ್ಗಲಿಲ್ಲ. ಹಾಗಾಗಿ ಅದು ದೊಡ್ಡ ಔಷಧವಾಗಲಿಲ್ಲ.

ಆ ದುಡಿಮೆ ದಂಡವಾಯಿತೇ? 1928ರಲ್ಲಿ ಬೂಸ್ಟಿನ ಸುತ್ತ ಬ್ಯಾಕ್ಟೀರಿಯಾ ಕರಗಿದ್ದು ಕಂಡಾಗ, ಆ ನೋಟ ಫ್ಲೆಮಿಂಗರಿಗೆ ಹೊಸದಾಗಿರಲಿಲ್ಲ. ಆ ಬೂಸ್ಟಿನಿಂದ ಬಂದದ್ದು ಪೆನಿಸಿಲಿನ್. ಲೈಸೋಜೈಮ್ ಕಟ್ಟಿದ ಗೋಡೆಯನ್ನು ಕೆಡವಿದರೆ, ಪೆನಿಸಿಲಿನ್ ಗೋಡೆ ಕಟ್ಟುವುದನ್ನೇ ತಡೆಯುತ್ತದೆ. ಮದ್ದಾಗದ ಕಣ್ಣೀರು ಮದ್ದನ್ನು ಗುರುತಿಸುವ ಕಣ್ಣನ್ನು ಪಳಗಿಸಿತ್ತು.