ಮನೋರಮೆಯ ಪಾಲು

ಮನೆಮಂದಿಯೆಲ್ಲ ಮಕ್ಕಳ ಜೊತೆ ಕೂತು ಕಥೆ ಬರೆಯುವುದು ಹೊರಗಿನಿಂದ ಬಂದ ಹೊಸ ಹವ್ಯಾಸ ಎಂದೇ ಹಲವರ ಎಣಿಕೆ. ಶಾಂಭವಿ ನದಿ ಕಡಲು ಸೇರುವ ಹೆಜಮಾಡಿಯಿಂದ ಕಾರ್ಕಳದವರೆಗಿನ ಸೀಮೆಯ ಚರಿತ್ರೆ ಈ ಎಣಿಕೆಯನ್ನು ಒಪ್ಪುವುದಿಲ್ಲ. ನೇಜಿ, ಅಂದರೆ ಭತ್ತದ ಸಸಿ, ನೆಡುವ ಗದ್ದೆಯಲ್ಲಿ ಒಬ್ಬಳು ತುಳು ಕಥನಗೀತೆಯಾದ ಪಾಡ್ದನದ ಸಾಲೆತ್ತಿದರೆ ಉಳಿದವರು ದನಿಗೂಡಿಸಿ ಅದನ್ನು ಮುಂದಕ್ಕೆ ಒಯ್ಯುತ್ತಿದ್ದರು. ಯಕ್ಷಗಾನದ ತಾಳಮದ್ದಲೆಯಲ್ಲಿ ಭಾಗವತರು ಹಾಡಿದ ಪದದ ಮೇಲೆ ಅರ್ಥಧಾರಿಗಳು ಆಶುವಾಗಿ ಮಾತು ಕಟ್ಟುತ್ತಾರೆ. ಎದುರಿನವರ ಪ್ರಶ್ನೆ ಹರಿತವಾದಷ್ಟೂ ಪ್ರಸಂಗ ಕಳೆಗಟ್ಟುತ್ತದೆ. ಕೇಳುವವರಿಗೂ ಕಥೆಯಲ್ಲಿ ಪಾಲುಂಟು ಎಂಬುದು ಇಲ್ಲಿಯ ಹಳೆಯ ನಡಾವಳಿ.

ಅದೆಲ್ಲ ಬಾಯಿಮಾತಿನ ಲೋಕ, ಬರವಣಿಗೆ ಏಕಾಂತದ ಕೆಲಸ ಎಂಬ ಆಕ್ಷೇಪ ಬರಬಹುದು. ಅದಕ್ಕೆ ಉತ್ತರ ಕಾರ್ಕಳ ತಾಲೂಕಿನ ನಂದಳಿಕೆಯಲ್ಲೇ ಇದೆ. ಅಲ್ಲಿ 1870ರಲ್ಲಿ ಹುಟ್ಟಿದ ಲಕ್ಷ್ಮೀನಾರಣಪ್ಪ, ಅಂದರೆ ನಮ್ಮ ಮುದ್ದಣ, 1901ರಲ್ಲಿ ತೀರಿಕೊಳ್ಳುವ ಮೊದಲು ಬರೆದ ‘ಶ್ರೀರಾಮಾಶ್ವಮೇಧಂ’ ಗಂಡ ಹೆಂಡಿರ ಮಾತುಕತೆಯಾಗಿಯೇ ಸಾಗುತ್ತದೆ. ಮಳೆಗಾಲದ ಬೇಸರ ಕಳೆಯಲು ಹೆಂಡತಿ ಮನೋರಮೆ ಕಥೆ ಕೇಳುತ್ತಾಳೆ. ಪದ್ಯ ಬೇಡ, ಗದ್ಯ ಬೇಕು ಎನ್ನುತ್ತಾಳೆ. ಸಂಸ್ಕೃತ ಹೆಚ್ಚಾದರೆ ತಡೆದು ತಿಳಿಗನ್ನಡ ಬೇಡುತ್ತಾಳೆ. ಮನೋರಮೆಯೂ ಕವಿಯ ಸೃಷ್ಟಿಯೇ ಅಲ್ಲವೇ ಎಂದರೆ, ಹೌದು. ಆದರೆ ಒಬ್ಬನೇ ಕೂತು ಬರೆದ ಕವಿಗೂ ನಡುವೆ ಬಾಯಿ ಹಾಕುವ ಮನೆಯ ಜೀವವೊಂದು ಬೇಕೆನಿಸಿತು ಎಂಬುದೇ ನನ್ನ ವಾದಕ್ಕೆ ಬಲ.

ಇನ್ನೂ ಗಟ್ಟಿಯಾದ ಆಕ್ಷೇಪವೊಂದಿದೆ: ದೊಡ್ಡವರು ಕೈಯಿಟ್ಟರೆ ಮಗುವಿನ ಕಲ್ಪನೆ ಮುದುಡುವುದಿಲ್ಲವೇ? ತಿದ್ದುವುದೇ ಗುರಿಯಾದರೆ ಖಂಡಿತ ಮುದುಡುತ್ತದೆ. ಆದರೆ ಸಿರಿ ಪಾಡ್ದನದ ಉದಾಹರಣೆ ನೋಡಿ. ಮಾಚಾರು ಗೋಪಾಲ ನಾಯ್ಕರು ಹೇಳಿದ ಆ ಕಾವ್ಯವನ್ನು ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ ಅವರು ಬಿ. ಎ. ವಿವೇಕ ರೈ, ಚಿನ್ನಪ್ಪ ಗೌಡ ಮುಂತಾದವರ ಜೊತೆ ದಾಖಲಿಸಿದರು. 1998ರಲ್ಲಿ ಅಚ್ಚಾದಾಗ ಅದು 15,683 ಸಾಲುಗಳಷ್ಟಿತ್ತು. ಬರೆದುಕೊಂಡವರು ಹಲವರು, ಕಾವ್ಯ ಮಾತ್ರ ನಾಯ್ಕರದೇ. ಅಕ್ಷರ ಕೂಡಿಸಲು ಇನ್ನೂ ತಡವರಿಸುವ ಮಗು ತುಳುವಿನಲ್ಲೋ ಕನ್ನಡದಲ್ಲೋ ಹೇಳಿದ್ದನ್ನು ಅಪ್ಪ ಅಮ್ಮ ಹಾಗೆಯೇ ಬರೆದುಕೊಂಡರೆ ಕಥೆ ಮಗುವಿನದಾಗಿಯೇ ಉಳಿಯುತ್ತದೆ. ಅಜ್ಜಿ ಮುಂದೇನಾಯಿತು ಎಂದು ಕೇಳಲಿ, ಅಣ್ಣ ಹಾಗಾಗಲು ಸಾಧ್ಯವೇ ಎಂದು ವಾದಿಸಲಿ. ಉತ್ತರ ಕಟ್ಟುವ ಹಕ್ಕು ಮಗುವಿಗಿರಲಿ. ಗದ್ದೆಗಳು ಕಡಿಮೆಯಾಗಿ, ನೇಜಿಯ ಹಾಡು ನಿಲ್ಲುತ್ತಿರುವ ಈ ಕಾಲದಲ್ಲಿ ಆ ಕೂಡುಕಥನವನ್ನು ಉಳಿಸಿಕೊಳ್ಳುವ ಹೊಣೆ ಮನೆಯ ಜಗಲಿಗೆ ಬಂದಿದೆ. ಅದಕ್ಕೆ ಒಂದು ನೋಟುಪುಸ್ತಕ, ತಾಳ್ಮೆಯಿಂದ ಕೇಳುವ ಕೆಲವು ಕಿವಿಗಳು ಸಾಕು.