ಹೂಗಳ ಸಂದಿಯಲ್ಲಿ

‘ಅಡಗಿರುವುದನ್ನು ಹುಡುಕಿ’ ಎಂಬ ಚಿತ್ರ ಕಂಡರೆ ಒಲೆಯ ಮೇಲಿನ ಹಾಲನ್ನೂ ಮರೆಯುವವಳು ನಾನು. ಅದು ಬರೀ ಮಕ್ಕಳಾಟವೆಂದುಕೊಂಡಿದ್ದೆ, ಫ್ರಾನ್ಸಿನ ಕಲಾವಿದ ಕಾನು 1815ರಲ್ಲಿ ರಚಿಸಿದ ಚಿತ್ರವೊಂದನ್ನು ನೋಡುವವರೆಗೆ.

ಮೇಲ್ನೋಟಕ್ಕೆ ಅದೊಂದು ವಯೊಲೆಟ್ ಹೂಗೊಂಚಲು. ಎಲೆ, ದಳಗಳ ಅಂಚನ್ನೇ ಹಿಡಿದು ಕಣ್ಣು ಹಾಯಿಸಿದರೆ, ನಡುವಿನ ಖಾಲಿ ಜಾಗದಲ್ಲಿ ಮೂರು ಮುಖಗಳು: ನೆಪೋಲಿಯನ್, ಹೆಂಡತಿ ಮರೀ ಲೂಯಿಸ್, ಪುಟ್ಟ ಮಗ. ಒಮ್ಮೆ ಕಂಡರೆ ಆಮೇಲೆ ಬರೀ ಹೂ ಕಾಣುವುದೇ ಇಲ್ಲ!

ಆ ವರ್ಷ ಮಾರ್ಚ್ 20ರಂದು ಪ್ಯಾರಿಸಿಗೆ ಮರಳಿದ ನೆಪೋಲಿಯನ್, ಜೂನ್‌ನಲ್ಲಿ ವಾಟರ್ಲೂನಲ್ಲಿ ಸೋತ. ಆಮೇಲೆ ಅವನ ಪಟ ಇಟ್ಟುಕೊಳ್ಳುವುದೇ ಅಪಾಯ. ಹೂವಿನ ಚಿತ್ರಕ್ಕೆ ಯಾರ ಅಡ್ಡಿ?

ಆದರೆ ನನ್ನನ್ನು ಕಾಡುವುದು ಇನ್ನೊಂದು. 1814ರ ಜನವರಿಯಲ್ಲಿ ಯುದ್ಧಕ್ಕೆ ಹೊರಟವನು ಹೆಂಡತಿ ಮಗನನ್ನು ಮತ್ತೆ ನೋಡಲೇ ಇಲ್ಲ. ಆ ಸಂಸಾರ ಒಟ್ಟಿಗೆ ಉಳಿದದ್ದು ಈ ಹೂಗಳ ಸಂದಿಯಲ್ಲಿ ಮಾತ್ರ.