ಹೆಸರು ಪೇಟೆಯದ್ದು, ಕೈ ಯಾರದ್ದು? – ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜದ ಹಳೆಯ ಪೇಟೆಗಳಲ್ಲಿ

ಕೊಲ್ಹಾಪುರಿ ಚಪ್ಪಲಿಯ ಹೆಸರು ಕೇಳದ ಮನೆ ನಮ್ಮ ಕರಾವಳಿಯಲ್ಲಿ ಇರಲಾರದು. ಪೆರ್ನಾಳಿಗೆ ಬಿಳಿ ಜುಬ್ಬಾದ ಜೊತೆ ಅದನ್ನು ಮೆಟ್ಟಿದವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಆದರೆ ಕೊಲ್ಹಾಪುರದ ಹೆಸರಿನಲ್ಲಿ ಮಾರಾಟವಾಗುವ ಆ ಚಪ್ಪಲಿಗಳಲ್ಲಿ ದೊಡ್ಡ ಪಾಲು ತಯಾರಾಗುವುದು ಕೊಲ್ಹಾಪುರದಲ್ಲಲ್ಲ. ಅವನ್ನು ಮಾಡುವವರು ಬೆಳಗಾವಿ ಜಿಲ್ಲೆಯ ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ ಕಡೆಯ ಕುಶಲಕರ್ಮಿಗಳು. ಅವರಲ್ಲಿ ಅನೇಕರ ಮನೆಮಾತು ಕನ್ನಡ. ಸರಕು ಪೇಟೆಗೆ ಬಂದ ಮೇಲೆ ಅದಕ್ಕೆ ಪೇಟೆಯ ಹೆಸರು ಅಂಟಿಕೊಳ್ಳುತ್ತದೆ, ಮಾಡಿದ ಕೈಯ ಹೆಸರು ಹಿಂದೆ ಉಳಿಯುತ್ತದೆ.

ಅಂಗಡಿಕಾರನ ಮಗನಾಗಿ ಬೆಳೆದ ನನಗೆ ಈ ವಿಷಯ ಮುಖ್ಯ. 'ಬ್ಯಾರಿ' ಎಂಬ ನಮ್ಮ ಹೆಸರೇ ತುಳುವಿನ 'ಬ್ಯಾರ', ಅಂದರೆ ವ್ಯಾಪಾರ ಎಂಬ ಮಾತಿನಿಂದ ಬಂತೆಂದು ಹಲವರು ಹೇಳುತ್ತಾರೆ. ಕೊಂಡು ಮಾರುವ ಸಮುದಾಯವಾದ ನಾವು, ಮಾರುವ ಸರಕಿನ ಹಿಂದೆ ಯಾರಿದ್ದಾರೆ ಎಂದು ತಿಳಿದುಕೊಳ್ಳಲು ಗಡಿಯಾಚೆಯ ಈ ಮೂರು ಪೇಟೆಗಳು ಒಳ್ಳೆಯ ಪಾಠ.

ಮೊದಲು ಕೊಲ್ಹಾಪುರ. ಅಂಬಾಬಾಯಿ ಎಂದೂ ಕರೆಯುವ ಮಹಾಲಕ್ಷ್ಮಿ ದೇವಸ್ಥಾನವನ್ನು ನಡುವೆ ಇಟ್ಟುಕೊಂಡು ಹಳೆಯ ಪೇಟೆ ಸುತ್ತ ಬೆಳೆದಿದೆ. ಮಹಾದ್ವಾರ ರಸ್ತೆಯಲ್ಲಿ ಬಟ್ಟೆ, ಬಳೆ, ಪೂಜೆಯ ಸಾಮಾನು. ಗುಜರಿ ಎಂಬ ಓಣಿಯಲ್ಲಿ ಚಿನ್ನ ಬೆಳ್ಳಿಯ ಅಂಗಡಿಗಳು. 'ಕೊಲ್ಹಾಪುರಿ ಸಾಜ್' ಎಂಬ ಹಾರ ಇಲ್ಲಿಯ ಗುರುತು. ಭವಾನಿ ಮಂಟಪದ ಹತ್ತಿರ ಸಾಲಾಗಿ ಚಪ್ಪಲಿ ಅಂಗಡಿಗಳು, ಜನ ಅದನ್ನು ಕರೆಯುವುದೇ 'ಚಪ್ಪಲ್ ಲೈನ್' ಎಂದು. ಗಂಗಾವೇಶಿನ ಕಟ್ಟೆಯಲ್ಲಿ ಎಮ್ಮೆಯನ್ನು ಕಣ್ಣೆದುರೇ ಕರೆದು ನೊರೆಹಾಲು ಕೊಡುತ್ತಾರೆ. ದೇವಸ್ಥಾನದಿಂದ ದೂರವಿಲ್ಲದ ಬಾಬುಜಮಾಲ್ ದರ್ಗಾದ ಬಾಗಿಲಲ್ಲಿ ಗಣಪತಿಯ ಕೆತ್ತನೆ ಇದೆ. ಮುಹರ್ರಮ್ಮಿನ ಪಂಜಾ ಮತ್ತು ಗಣೇಶ ಹಬ್ಬ ಒಂದೇ ವಾರದಲ್ಲಿ ಬಂದ ವರ್ಷಗಳಲ್ಲಿ ಅಲ್ಲಿಯ ತಾಲೀಮಿನವರು ಎರಡನ್ನೂ ಜೊತೆಯಾಗಿ ನಡೆಸಿದ್ದಾರೆ.

ಈ ಪೇಟೆಯಲ್ಲಿ ಕನ್ನಡ ನಿನ್ನೆ ಮೊನ್ನೆ ಬಂದದ್ದಲ್ಲ. 12ನೇ ಶತಮಾನದಲ್ಲಿ ಇಲ್ಲಿ ಆಳಿದ ಶಿಲಾಹಾರ ಅರಸರ ಅನೇಕ ಶಾಸನಗಳು ಕನ್ನಡದಲ್ಲಿವೆ. ಕೃಷ್ಣಾ ನದಿಯ ದಡದ ಖಿದ್ರಾಪುರದ ಕೋಪೇಶ್ವರ ದೇವಸ್ಥಾನದ ಶಾಸನಗಳಲ್ಲೂ ಹೆಚ್ಚಿನವು ಕನ್ನಡದವೇ. ಅಯ್ಯಾವೊಳೆಯ ವೀರಬಣಂಜು ಎಂಬ ವರ್ತಕ ಸಂಘದವರು ಊರೂರಿನ ಸಂತೆಗಳಲ್ಲಿ ತಮ್ಮ ಸರಕಿನ ಮೇಲೆ ಇಷ್ಟು ಪಾಲು ಎಂದು ಗೊತ್ತುಮಾಡಿ ಬಸದಿ, ದೇವಸ್ಥಾನಗಳಿಗೆ ಕಾಣಿಕೆ ಕೊಟ್ಟದ್ದು ಆ ಕಾಲದ ಶಾಸನಗಳಿಂದ ತಿಳಿಯುತ್ತದೆ. ರಾಜ್ಯಗಳ ಗಡಿ ಎಳೆಯುವ ಎಷ್ಟೋ ಮೊದಲೇ ವ್ಯಾಪಾರದ ದಾರಿ ಇತ್ತು.

ಇಂದಿನ ಕೊಲ್ಹಾಪುರದ ವ್ಯಾಪಾರಕ್ಕೆ ರೂಪ ಕೊಟ್ಟವರು 1894ರಲ್ಲಿ ಅಧಿಕಾರ ವಹಿಸಿಕೊಂಡ ಶಾಹು ಮಹಾರಾಜರು. 1895ರಲ್ಲಿ ಅವರು ಶಾಹುಪುರಿ ಎಂಬ ಹೊಸ ಪೇಟೆ ಕಟ್ಟಿಸಿದರು. ಕೊಲ್ಹಾಪುರದ ಬೆಲ್ಲ ಹೆಸರುವಾಸಿಯಾದದ್ದು ಆ ಪೇಟೆಯ ಮೂಲಕ. 1902ರಲ್ಲಿ ಹಿಂದುಳಿದವರಿಗೆ ಸರಕಾರಿ ಕೆಲಸದಲ್ಲಿ ಶೇಕಡಾ 50ರ ಮೀಸಲಾತಿ ತಂದರು. 1906ರಲ್ಲಿ ಮುಸ್ಲಿಂ ಹುಡುಗರ ಓದಿಗಾಗಿ ಸಂಸ್ಥೆ ಮತ್ತು ಬೋರ್ಡಿಂಗ್ ಶುರುವಾಗಲು ನೆರವಾದರು. ಹೋಟೆಲ್ ಕಸುಬಿನ ನಮ್ಮವರು ತಿಳಿಯಬೇಕಾದ ಇನ್ನೊಂದು ಸಂಗತಿ ಇದೆ. ದಲಿತ ಸಮುದಾಯದ ಗಂಗಾರಾಮ್ ಕಾಂಬಳೆ ಎಂಬವರಿಗೆ ಚಹದ ಹೋಟೆಲ್ ಹಾಕಲು ಮಹಾರಾಜರೇ ಬೆಂಬಲ ಕೊಟ್ಟರು. ಆ ಕೈಯ ಚಹ ಕುಡಿಯಲು ಜನ ಹಿಂಜರಿದಾಗ ತಾವೇ ಅಲ್ಲಿಗೆ ಹೋಗಿ ಕುಡಿದರು, ಜೊತೆಗಿದ್ದವರಿಗೂ ಕುಡಿಸಿದರು. ಒಂದು ಲೋಟ ಚಹ ಯಾರ ಕೈಯದ್ದು ಎಂಬ ಪ್ರಶ್ನೆಗೆ ಪೇಟೆಯ ನಡುವೆಯೇ ಕೊಟ್ಟ ಉತ್ತರ ಅದು.

ಈಗ ಚಪ್ಪಲಿಗೆ ಬರೋಣ. ಹಳೆಯ ಪದ್ಧತಿಯಲ್ಲಿ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಸಿ ಕೂದಲು ತೆಗೆದು, ಚೀಲದ ಹಾಗೆ ಹೊಲಿದು, ಅದರೊಳಗೆ ಜಾಲಿಯ ತೊಗಟೆ ಮತ್ತು ಅಳಲೆಕಾಯಿಯ ರಸ ತುಂಬಿ ತೂಗುಹಾಕುತ್ತಾರೆ. ರಸ ಮೆಲ್ಲಗೆ ಜಿನುಗುತ್ತಾ ತೊಗಲನ್ನು ಹದಮಾಡುತ್ತದೆ. ಇದಕ್ಕೆ ವಾರಗಟ್ಟಲೆ ಬೇಕು. ಹದ ಮಾಡುವವರು ಢೋರ ಸಮುದಾಯದವರು, ಹೊಲಿಯುವವರು ಸಮಗಾರರು. ಅಟ್ಟೆ ಕತ್ತರಿಸುವುದು, ಬಡಿಯುವುದು ಸಾಮಾನ್ಯವಾಗಿ ಗಂಡಸರ ಕೆಲಸ. ಹೆಣಿಗೆ, ಅಲಂಕಾರದ ಹೊಲಿಗೆ ಹೆಂಗಸರದ್ದು. ಒಂದು ಮೊಳೆಯೂ ಇಲ್ಲದೆ ತೊಗಲಿನ ದಾರದಿಂದಲೇ ಇಡೀ ಚಪ್ಪಲಿ ನಿಲ್ಲುತ್ತದೆ. ಮೆಕ್ಯಾನಿಕಲ್ ಡಿಪ್ಲೊಮಾ ಓದಿದ ನನ್ನ ಕಣ್ಣಿಗೆ ಇದು ಅಚ್ಚುಕಟ್ಟಾದ ಜೋಡಣೆ: ಎಲ್ಲ ಭಾಗವೂ ಒಂದೇ ವಸ್ತು, ಆದ್ದರಿಂದ ಕಾಲಿನ ಬಿಸಿಗೂ ಭಾರಕ್ಕೂ ಎಲ್ಲವೂ ಒಟ್ಟಿಗೆ ಬಗ್ಗುತ್ತವೆ. ಮೆಟ್ಟಿದಷ್ಟೂ ಕಾಲಿಗೆ ಹೊಂದಿಕೊಳ್ಳುತ್ತದೆ ಎಂದು ಹಿರಿಯರು ಹೇಳುವುದು ಇದಕ್ಕೇ.

2019ರಲ್ಲಿ ಈ ಚಪ್ಪಲಿಗೆ ಭೌಗೋಳಿಕ ಗುರುತಿನ ಮಾನ್ಯತೆ, ಅಂದರೆ ಜಿಐ ಸಿಕ್ಕಿತು. ಅದು ಸಿಕ್ಕಿದ್ದು ಎರಡು ರಾಜ್ಯಗಳಿಗೂ ಜಂಟಿಯಾಗಿ. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ; ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಒಟ್ಟು 8 ಜಿಲ್ಲೆಗಳು. ಕಾಗದದ ಮೇಲಾದರೂ ಅಥಣಿಯ ಕೈಗೆ ಲೆಕ್ಕ ಸಿಕ್ಕಿತು. 2025ರ ಜೂನ್ ತಿಂಗಳಲ್ಲಿ ಇಟಲಿಯ ಪ್ರಾಡಾ ಕಂಪೆನಿ ಮಿಲಾನ್ ನಗರದ ಫ್ಯಾಷನ್ ಪ್ರದರ್ಶನದಲ್ಲಿ ಇದೇ ವಿನ್ಯಾಸದ ಚಪ್ಪಲಿ ತೋರಿಸಿತು, ಮೂಲದ ಹೆಸರು ಹೇಳಲಿಲ್ಲ. ಗಲಾಟೆಯಾದ ಮೇಲೆ ಇದು ಭಾರತದ ಕೈಕಸುಬಿನಿಂದ ಪ್ರೇರಣೆ ಪಡೆದದ್ದು ಎಂದು ಒಪ್ಪಿಕೊಂಡಿತು. ಅದೇ ವರ್ಷದ ಕೊನೆಗೆ ಎರಡೂ ರಾಜ್ಯಗಳ ಚರ್ಮೋದ್ಯಮ ನಿಗಮಗಳ ಜೊತೆ ಒಪ್ಪಂದ ಮಾಡಿಕೊಂಡಿತು. ದೂರದ ಕಂಪೆನಿಯನ್ನು ನಾವೆಲ್ಲ ಬೈದದ್ದು ಸರಿಯೇ. ಆದರೆ ಅಥಣಿಯ ಹೆಸರು ಹೇಳದೆ ಅದೇ ಚಪ್ಪಲಿಯನ್ನು ನಮ್ಮ ಊರುಗಳಲ್ಲೂ ವರ್ಷಾನುಗಟ್ಟಲೆ ಮಾರಿದ್ದಾರೆ.

ಇನ್ನೊಂದು ಸಂಕಟವೂ ಇದೆ. ತೊಗಲು ಚಪ್ಪಲಿಯಾಗುವ ಮೊದಲು ಮಾಂಸದ ಅಂಗಡಿ, ತೊಗಲಿನ ವ್ಯಾಪಾರಿ, ಹದ ಮಾಡುವವರು ಎಂಬ ಸರಪಳಿ ದಾಟಿ ಬರಬೇಕು. ಆ ಸರಪಳಿಯಲ್ಲಿ ಮುಸ್ಲಿಮರೂ ದಲಿತರೂ ಒಬ್ಬರಿಗೊಬ್ಬರು ಆಧಾರ. ಮಹಾರಾಷ್ಟ್ರದಲ್ಲಿ 2015ರಲ್ಲಿ ಎತ್ತು, ಹೋರಿಗಳ ವಧೆಗೂ ನಿಷೇಧ ಬಂತು. ಕರ್ನಾಟಕದಲ್ಲಿ 2020ರ ಕಾಯಿದೆ ಬಂತು. ಸ್ಥಳೀಯ ತೊಗಲು ಕಡಿಮೆಯಾಗಿ ಈಗ ಚೆನ್ನೈ ಮುಂತಾದ ಕಡೆಯಿಂದ ಚರ್ಮ ತರಿಸುತ್ತಾರೆ. ರೆಕ್ಸಿನ್ನಿನ ನಕಲುಗಳು ಚಪ್ಪಲ್ ಲೈನಿನಲ್ಲೇ ಅಗ್ಗಕ್ಕೆ ಸಿಗುತ್ತವೆ. ಹೊಡೆತ ಬಿದ್ದದ್ದು ಒಂದು ಸಮುದಾಯಕ್ಕೆ ಎಂದು ಹೊರಗಿನವರು ತಿಳಿದರೂ ಪೇಟೆಯಲ್ಲಿ ಅದು ಇಡೀ ಸರಪಳಿಗೆ ತಾಗಿದೆ.

ಕೊಲ್ಹಾಪುರದಿಂದ ಪೂರ್ವಕ್ಕೆ ಒಂದು ಗಂಟೆಯ ದಾರಿ ಇಚಲಕರಂಜಿ. ಊರೊಳಗೆ ಕಾಲಿಟ್ಟರೆ ಓಣಿಗಳಿಂದ ಮಗ್ಗದ ಖಟ್ ಖಟ್ ಸದ್ದು ಬರುತ್ತದೆ. ಇಲ್ಲಿ ಮೊದಲ ಪವರ್‌ಲೂಮ್ ಹಾಕಿದವರು ವಿಠ್ಠಲರಾವ್ ದಾತಾರ್, 1904ರಲ್ಲಿ. ಜಹಗೀರುದಾರ ನಾರಾಯಣರಾವ್ ಬಾಬಾಸಾಹೇಬ್ ಘೋರ್ಪಡೆ ಅದಕ್ಕೆ ಪ್ರೋತ್ಸಾಹ ಕೊಟ್ಟರು. ಅಲ್ಲಿಂದ ಶುರುವಾಗಿ ಊರಿಗೆ 'ಮಹಾರಾಷ್ಟ್ರದ ಮ್ಯಾಂಚೆಸ್ಟರ್' ಎಂಬ ಹೆಸರು ಬಂತು. ಕನ್ನಡ ಮಾತಾಡುವ ದೇವಾಂಗ ಮತ್ತು ಲಿಂಗಾಯತ ನೇಕಾರ ಕುಟುಂಬಗಳು ಇಲ್ಲಿ ತಲೆಮಾರುಗಳಿಂದ ಇವೆ. ಸಾದಾ ಪವರ್‌ಲೂಮಿನಲ್ಲಿ ಲಾಳಿಯನ್ನು ಒಂದು ಮರದ ಕೋಲು ಹೊಡೆದು ಆಚೆ ದಾಟಿಸುತ್ತದೆ, ಆಚೆಯ ಕೋಲು ಈಚೆಗೆ. ಪ್ರತಿ ಹೊಡೆತಕ್ಕೂ ಒಂದು ಸದ್ದು. ಅದರ ಪಕ್ಕದಲ್ಲೇ ದಿನವಿಡೀ ನಿಂತವರ ಕಿವಿ ಏನಾಗಬೇಕು ಎಂದು ಓದುಗರೇ ಊಹಿಸಬಹುದು.

ಇಲ್ಲಿ ನೇಯುವ ಬಟ್ಟೆಯಲ್ಲಿ ಬಹಳಷ್ಟು 'ಗ್ರೇ' ಬಟ್ಟೆ, ಅಂದರೆ ಬಣ್ಣ, ಬಿಳುಪು ಏನೂ ಹಾಕದ ಹಸಿ ಬಟ್ಟೆ. ಅದು ಬೇರೆ ಊರಿಗೆ ಹೋಗಿ ಬಣ್ಣ ಹತ್ತಿಸಿಕೊಂಡು ಬೇರೆ ಹೆಸರಿನ ಮುದ್ರೆ ಹೊತ್ತು ಅಂಗಡಿಗೆ ಬರುತ್ತದೆ. ನಮ್ಮ ಬಟ್ಟೆ ಅಂಗಡಿಗಳಲ್ಲಿ ಮಡಚಿಟ್ಟ ಪಾಪ್ಲಿನ್ ಥಾನಿನಲ್ಲಿ ಇಚಲಕರಂಜಿ ಇದ್ದರೂ ಅದರ ಅಂಚಿನಲ್ಲಿ ಆ ಹೆಸರು ಕಾಣಿಸುವುದಿಲ್ಲ. ಚಪ್ಪಲಿಗೆ ಪೇಟೆಯ ಹೆಸರಾದರೂ ಇದೆ, ಬಟ್ಟೆಗೆ ಅದೂ ಇಲ್ಲ.

ಮೂರನೆಯ ಊರು ಗಡಹಿಂಗ್ಲಜ, ಹಿರಣ್ಯಕೇಶಿ ನದಿಯ ದಡದಲ್ಲಿದೆ. ಗಡಿಯ ಈಚೆ ನಮ್ಮ ಸಂಕೇಶ್ವರ. ಈ ತಾಲೂಕಿನಲ್ಲಿ ಕನ್ನಡವೂ ಮರಾಠಿಯೂ ಒಂದೇ ಸಂತೆಯಲ್ಲಿ ಚೌಕಾಸಿ ಮಾಡುತ್ತವೆ. ಇಲ್ಲಿಯ ಮಾರುಕಟ್ಟೆಗೆ ಹೆಸರು ತಂದದ್ದು 'ಸಂಕೇಶ್ವರಿ' ಮೆಣಸಿನಕಾಯಿ. ಹೆಸರು ಕರ್ನಾಟಕದ ಊರಿನದ್ದು, ಹರಾಜು ಮಹಾರಾಷ್ಟ್ರದ ಪೇಟೆಯಲ್ಲಿ! ಚಪ್ಪಲಿಯ ಕತೆ ಇಲ್ಲಿ ತಿರುಗುಮುರುಗು. ಕೊಲ್ಹಾಪುರದ ಪ್ರಸಿದ್ಧ 'ಕಾಂದಾ ಲಸೂಣ್' ಮಸಾಲೆಯಲ್ಲಿ ಒಣಮೆಣಸು, ನೀರುಳ್ಳಿ, ಬೆಳ್ಳುಳ್ಳಿ, ಕೊಬ್ಬರಿ, ಕೊತ್ತಂಬರಿ, ಎಳ್ಳು ಇರುತ್ತವೆ. ಹುರಿದ ಸಾಮಾನನ್ನು ಅರೆಯುವುದಕ್ಕಿಂತ ಕುಟ್ಟುವ ಗಿರಣಿಯಲ್ಲಿ ಕುಟ್ಟಿಸುವುದೇ ಹಳೆಯ ಕ್ರಮ. ಅದಕ್ಕೆ ಕಾರಣವೂ ಇದೆ. ಜೋರಾಗಿ ತಿರುಗುವ ಯಂತ್ರದಲ್ಲಿ ಪುಡಿ ಬಿಸಿಯಾಗಿ ಪರಿಮಳ ಹಾರಿಹೋಗುತ್ತದೆ, ಕುಟ್ಟಿದರೆ ಬಿಸಿ ಕಡಿಮೆ.

ಇದೇ ಮಸಾಲೆಯಿಂದ ಕೆಂಪು ಸಾರು, 'ತಾಂಬಡಾ ರಸ್ಸಾ'. ಅದರ ಜೊತೆಗೆ ಬಿಳಿಯ 'ಪಾಂಢರಾ ರಸ್ಸಾ' – ಮಟನ್ ಬೇಯಿಸಿದ ನೀರಿಗೆ ತೆಂಗಿನ ಹಾಲು, ಗಸಗಸೆ, ಗೋಡಂಬಿ. ಕಬ್ಬಿನ ನಾಡಿನವರ ಊಟದಲ್ಲಿ ತೆಂಗಿನ ಹಾಲು ಕಂಡಾಗ ನೈಚೋರು, ಮಟನ್ ಸಾರು ತಿಂದು ಬೆಳೆದ ನಮ್ಮ ನಾಲಿಗೆಗೆ ಪರಿಚಯದವರು ಸಿಕ್ಕ ಹಾಗಾಗುತ್ತದೆ. ಖಾರ ಮಾತ್ರ ಬೇರೆ: ನಾವು ಬಣ್ಣಕ್ಕೆ ಬ್ಯಾಡಗಿ ಹಾಕುತ್ತೇವೆ, ಅವರಿಗೆ ಬಣ್ಣದ ಜೊತೆ ಉರಿಯೂ ಬೇಕು.

2023ರ ಜೂನ್ 7ರಂದು ಇದೇ ಕೊಲ್ಹಾಪುರ ಪೇಟೆ ಮುಚ್ಚಿತ್ತು. ಮೊಬೈಲ್ ಸ್ಟೇಟಸ್‌ಗಳ ವಿಷಯದಲ್ಲಿ ಬಂದ್‌ಗೆ ಕರೆ, ಕಲ್ಲುತೂರಾಟ, ಲಾಠಿ ಪ್ರಹಾರ, ಇಂಟರ್ನೆಟ್ ಬಂದ್. ಶಾಹು ಮಹಾರಾಜರ ಊರಿನಲ್ಲಿ ಹೀಗಾಯಿತೆಂದು ಅಲ್ಲಿಯವರೇ ನೊಂದುಕೊಂಡರು. ಕರಾವಳಿಯವರಾದ ನಮಗೆ ಅಂಥ ದಿನಗಳು ಹೊಸತಲ್ಲ. ಸರಕಿನ ಹಿಂದೆ ಎಷ್ಟು ಜನರ ಕೈ ಇದೆ ಎಂಬುದು ಮರೆತುಹೋದ ಪೇಟೆಯಲ್ಲಿ 'ಅವರ ಅಂಗಡಿ, ಇವರ ಅಂಗಡಿ' ಎಂದು ಗೆರೆ ಎಳೆಯುವುದು ಸುಲಭ.

ಇಷ್ಟೆಲ್ಲ ಬೇರೆಯವರ ಕತೆ ಎಂದು ಯಾರೂ ಭಾವಿಸಬಾರದು. ನಿಪ್ಪಾಣಿಯ ಸುತ್ತಮುತ್ತ ಬೆಳೆಯುವುದು ಬೀಡಿಯ ತಂಬಾಕು. ಬೀಡಿ ಎಂದರೆ ನಮ್ಮ ಮನೆಗಳದ್ದೇ ಚರಿತ್ರೆ. ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಎಲೆ ಕತ್ತರಿಸಿ, ತಂಬಾಕು ತುಂಬಿ, ನೂಲು ಸುತ್ತಿ, ಸಾಯಂಕಾಲ ಬ್ರಾಂಚಿಗೆ ಲೆಕ್ಕ ಒಪ್ಪಿಸಿದ ಉಮ್ಮಂದಿರ ದುಡಿಮೆಯಿಂದ ಎಷ್ಟು ಮಕ್ಕಳ ಶಾಲೆಯ ಫೀಸು ಕಟ್ಟಿದೆ! ಕಟ್ಟಿನ ಮೇಲೆ ಕಂಪೆನಿಯ ಹೆಸರಿತ್ತು, ಉಮ್ಮನ ಹೆಸರು ಇರಲಿಲ್ಲ. ಅಥಣಿಯ ಹೆಂಗಸು ಹೆಣೆದ ಚಪ್ಪಲಿಗೂ ನಮ್ಮ ಉಮ್ಮ ಕಟ್ಟಿದ ಬೀಡಿಗೂ ಲೆಕ್ಕ ಒಂದೇ.

ಆದ್ದರಿಂದ ಅಂಗಡಿ ನಡೆಸುವ ನಮ್ಮವರಲ್ಲಿ ನನ್ನದೊಂದು ಕೋರಿಕೆ. ಸರಕು ತರುವಾಗ ಊರು ಯಾವುದು, ಮಾಡಿದವರು ಯಾರು ಎಂದು ಕೇಳಿ. ಗೊತ್ತಾದರೆ ಗಿರಾಕಿಗೂ ಹೇಳಿ: ಇದು ಅಥಣಿಯಲ್ಲಿ ಹೊಲಿದದ್ದು, ಇದು ಇಚಲಕರಂಜಿಯಲ್ಲಿ ನೇಯ್ದದ್ದು, ಇದು ಗಡಹಿಂಗ್ಲಜದ ಸಂಕೇಶ್ವರಿ ಮೆಣಸು. ಅಸಲಿಗೂ ನಕಲಿಗೂ ಇರುವ ವ್ಯತ್ಯಾಸ ತಿಳಿದ ಗಿರಾಕಿ ನಾಲ್ಕು ಕಾಸು ಹೆಚ್ಚು ಕೊಟ್ಟಾನು, ಅದರಲ್ಲಿ ಒಂದು ಪಾಲು ಮಾಡಿದವರಿಗೂ ಮುಟ್ಟೀತು. ಮನೆಯಲ್ಲಿ ಬೀಡಿ ಕಟ್ಟಿದ ಹಿರಿಯರಿದ್ದರೆ ಅವರ ಹೆಸರು, ಕಟ್ಟಿದ ವರ್ಷಗಳು, ಹೋಗುತ್ತಿದ್ದ ಬ್ರಾಂಚು – ಇವನ್ನು ಬ್ಯಾರಿಯಲ್ಲೋ ಕನ್ನಡದಲ್ಲೋ ಬರೆದಿಡಿ. ಅವರು ಇರುವಾಗಲೇ ಕೇಳಿ ಬರೆದುಕೊಳ್ಳಬೇಕು.